ವಿರಳ ಕ್ಯಾನ್ಸರ್‌ಗಳ ಹೊಸ ಚಿಕಿತ್ಸೆ: ಬೆಲೆಯ ಲೆಕ್ಕ ಮತ್ತು ಸಣ್ಣ ವ್ಯಾಪಾರಿಯ ಸ್ಥಿತಿ

ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ತಿಂಗಳ ಸರಬರಾಜು. ಒಂದರ ಬೆಲೆ ಸುಮಾರು ರೂ. 1.20 ಲಕ್ಷ, ಇನ್ನೊಂದರ ಬೆಲೆ ರೂ. 8,000ದಿಂದ 10,000. ಇಮ್ಯಾಟಿನಿಬ್ ಎಂಬ ಮಾತ್ರೆಗೆ ಈ ಶತಮಾನದ ಮೊದಲ ದಶಕದಲ್ಲಿ ಭಾರತದ ಮಾರುಕಟ್ಟೆಯಲ್ಲಿ ಚಾಲ್ತಿಯಲ್ಲಿದ್ದ ದರಗಳಿವು. ಮೊದಲನೆಯದು ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಕಂಪನಿಯ ಗ್ಲಿವೆಕ್, ಎರಡನೆಯದು ಭಾರತೀಯ ಕಂಪನಿಗಳ ತಯಾರಿಕೆ. ಯಾವುದೇ ಸರಕಿನಲ್ಲಿ ಹನ್ನೆರಡು ಪಟ್ಟು ಬೆಲೆ ವ್ಯತ್ಯಾಸ ಕಂಡರೆ ಅದರ ಕಾರಣವನ್ನು ಹುಡುಕುವುದು ವ್ಯಾಪಾರಿಯ ಸಹಜ ಗುಣ. ಕ್ಯಾನ್ಸರ್ ಔಷಧದ ವಿಷಯ ಬಂದಾಗ ಮಾತ್ರ ಅದೇ ವ್ಯಾಪಾರಿ ಬಿಲ್ಲನ್ನು ಪ್ರಶ್ನಿಸದೆ ಕೈಚೀಲ ಬಿಚ್ಚುತ್ತಾನೆ. ಅದು ಸ್ವಾಭಾವಿಕವೇ ಆದರೂ, ಬೆಲೆಯ ಹಿಂದಿರುವ ಸಂಗತಿಗಳನ್ನು ಆರೋಗ್ಯವಾಗಿರುವಾಗಲೇ ಅರಿತಿರುವುದು ಮೇಲು.

ಇಮ್ಯಾಟಿನಿಬ್ ಗುಣಪಡಿಸುವುದು ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತ ಕ್ಯಾನ್ಸರನ್ನು. ವಾಸ್ತವವಾಗಿ ಹತೋಟಿಯಲ್ಲಿಡುವುದನ್ನು ಎನ್ನುವುದೇ ಸರಿ. ವರ್ಷಕ್ಕೆ ಒಂದು ಲಕ್ಷ ಜನಸಂಖ್ಯೆಯಲ್ಲಿ ಆರಕ್ಕಿಂತ ಕಡಿಮೆ ಮಂದಿಗೆ ಬರುವ ಕ್ಯಾನ್ಸರನ್ನು ಯುರೋಪಿನ ತಜ್ಞರು ವಿರಳ ಎಂದು ವರ್ಗೀಕರಿಸುತ್ತಾರೆ. ಈ ಲ್ಯುಕೇಮಿಯ ಆ ಮಿತಿಗಿಂತಲೂ ಬಹಳ ಕೆಳಗಿದೆ. ರೋಗಿಯ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಗುರುತಿಸಲಾಯಿತು. ಎರಡು ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುವುದೇ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಆ ಅದಲುಬದಲಿನಿಂದ ಹುಟ್ಟುವ ಒಂದು ಪ್ರೋಟೀನು ಬಿಳಿರಕ್ತಕಣಗಳಿಗೆ ಎಡೆಬಿಡದೆ ಬೆಳೆಯಿರೆಂದು ಆದೇಶಿಸುತ್ತಿರುತ್ತದೆ. ಇಮ್ಯಾಟಿನಿಬ್ ಆ ಪ್ರೋಟೀನಿನ ಬೀಗದ ಕಂಡಿಯಲ್ಲಿ ಕುಳಿತು ಆದೇಶವನ್ನು ತಡೆಯುತ್ತದೆ. 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಆಡಳಿತ ಇದಕ್ಕೆ ಅನುಮತಿ ನೀಡಿದಾಗ, ಕೆಲವೇ ವರ್ಷಗಳ ಆಯಸ್ಸು ಎನಿಸಿದ್ದ ಕಾಯಿಲೆಯು ಸಕ್ಕರೆ ಕಾಯಿಲೆಯಂತೆ ದಿನಕ್ಕೊಂದು ಮಾತ್ರೆಯ ಕಾಯಿಲೆಯಾಯಿತು. ಆದರೆ ಮಾತ್ರೆ ಬಹುತೇಕ ಜೀವನಪರ್ಯಂತ ಬೇಕು. ಆದ್ದರಿಂದ ತಿಂಗಳಿಗೆ ರೂ. 1.20 ಲಕ್ಷವೋ ರೂ. 8,000ವೋ ಎಂಬುದೇ ಬದುಕು ಸಾವಿನ ಪ್ರಶ್ನೆಯಾಯಿತು.

ಆ ಪ್ರಶ್ನೆ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. 2005ರಲ್ಲಿ ತಿದ್ದುಪಡಿಯಾದ ಭಾರತೀಯ ಪೇಟೆಂಟ್ ಕಾಯ್ದೆಯ 3(ಡಿ) ವಿಧಿಯ ಪ್ರಕಾರ, ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಗಣನೀಯವಾಗಿ ಹೆಚ್ಚದ ಹೊರತು ಪೇಟೆಂಟ್ ದೊರೆಯುವುದಿಲ್ಲ. ನೊವಾರ್ಟಿಸ್ ಕೋರಿದ್ದುದು ಇಮ್ಯಾಟಿನಿಬ್ ಲವಣದ ಒಂದು ಹರಳು ರೂಪಕ್ಕೆ. ಚೆನ್ನೈನ ಪೇಟೆಂಟ್ ಕಚೇರಿ 2006ರ ಜನವರಿಯಲ್ಲಿ ಅರ್ಜಿಯನ್ನು ತಿರಸ್ಕರಿಸಿತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಆಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠವು ಆ ತಿರಸ್ಕಾರವನ್ನು ಎತ್ತಿಹಿಡಿಯಿತು. ಇದಕ್ಕೆ ಒಂದು ವರ್ಷ ಮುಂಚೆ, 2012ರ ಮಾರ್ಚ್ 9ರಂದು, ಪೇಟೆಂಟ್ ನಿಯಂತ್ರಕರು ಭಾರತದ ಮೊದಲ ಕಡ್ಡಾಯ ಪರವಾನಗಿಯನ್ನು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ನೀಡಿದ್ದರು. ಯಕೃತ್ತು ಮತ್ತು ಮೂತ್ರಪಿಂಡದ ಮುಂದುವರಿದ ಕ್ಯಾನ್ಸರಿಗೆ ಬಳಸುವ ಬಾಯರ್ ಕಂಪನಿಯ ಸೊರಾಫೆನಿಬ್ ಮಾತ್ರೆ ತಿಂಗಳಿಗೆ ಸುಮಾರು ರೂ. 2.80 ಲಕ್ಷವಿದ್ದುದು, ಪರವಾನಗಿಯ ಷರತ್ತಿನಂತೆ ರೂ. 8,880ಕ್ಕೆ ಇಳಿಯಿತು. ಬಾಯರ್‌ಗೆ ಮಾರಾಟದ ಮೇಲೆ ಶೇ. 6 ಗೌರವಧನ ನಿಗದಿಯಾಗಿ ಮುಂದೆ ಶೇ. 7 ಆಯಿತು. ಅಂಥ ಪರವಾನಗಿ ಭಾರತದಲ್ಲಿ ಮತ್ತೊಂದು ಔಷಧಕ್ಕೆ ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು.

ಪಪ್ಪಾಯಿ ಕಿಣ್ವದಿಂದ ಜೀವಕೋಶದವರೆಗೆ

ಮಾತ್ರೆ ತಯಾರಿಸುವುದು ರಸಾಯನಶಾಸ್ತ್ರ. ಅದರಲ್ಲಿ ನಮ್ಮವರು ಪಳಗಿದ್ದರು. ಮುಂದಿನ ತಲೆಮಾರಿನ ಕ್ಯಾನ್ಸರ್ ಔಷಧಗಳು ಜೀವಂತ ಕೋಶಗಳಲ್ಲಿ ಬೆಳೆಸಬೇಕಾದ ಪ್ರತಿಕಾಯಗಳು. ಅವುಗಳ ನಕಲು ಸುಲಭವಲ್ಲ. ಈ ಕಾರ್ಯದಲ್ಲಿ ಕರ್ನಾಟಕದ ಪಾತ್ರ ದೊಡ್ಡದು. 1978ರಲ್ಲಿ ಬೆಂಗಳೂರಿನಲ್ಲಿ ರೂ. 10,000 ಮೂಲ ಬಂಡವಾಳದಿಂದ ಬಾಡಿಗೆ ಗ್ಯಾರೇಜೊಂದರಲ್ಲಿ ಆರಂಭವಾಗಿ, ಪಪ್ಪಾಯಿಯ ಕಿಣ್ವ ತಯಾರಿಸುತ್ತಿದ್ದ ಬಯೋಕಾನ್, 2006ರಲ್ಲಿ ಕ್ಯೂಬಾ ದೇಶದ ಸಂಸ್ಥೆಯ ಸಹಯೋಗದೊಡನೆ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ತಲೆ ಮತ್ತು ಕತ್ತಿನ ಕ್ಯಾನ್ಸರಿಗೆಂದು ಮಾರುಕಟ್ಟೆಗೆ ತಂದಿತು. 2014ರ ಆರಂಭದಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್‌ನ ಸಮರೂಪಿ ಔಷಧವನ್ನು ಜಗತ್ತಿನಲ್ಲೇ ಮೊದಲಾಗಿ ಹೊರತಂದಿತು. ಸಣ್ಣ ಕೈಗಾರಿಕೆಯ ಸದಸ್ಯರು ಈ ಇತಿಹಾಸವನ್ನು ಗಮನಿಸಬಹುದು: ಕಿಣ್ವದ ಹುದುಗುತೊಟ್ಟಿಯಲ್ಲಿ ಕಲಿತ ಶಿಸ್ತೇ ಮೂವತ್ತು ವರ್ಷಗಳ ಬಳಿಕ ಕ್ಯಾನ್ಸರ್ ಔಷಧಕ್ಕೆ ನೆರವಾಯಿತು.

ಇದಕ್ಕೂ ಮುಂದಿನ ಹೆಜ್ಜೆ ಕಾರ್-ಟಿ ಕೋಶ ಚಿಕಿತ್ಸೆ. ಇಲ್ಲಿ ಔಷಧವೆಂದರೆ ರೋಗಿಯದೇ ಬಿಳಿರಕ್ತಕಣ. ಯಂತ್ರದ ಮೂಲಕ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸುತ್ತಾರೆ. ನಿರುಪದ್ರವಿಯಾಗಿಸಿದ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ಜೀನೊಂದನ್ನು ಸೇರಿಸುತ್ತಾರೆ. ಅದರಿಂದ ಕೋಶದ ಮೈಮೇಲೆ ಕ್ಯಾನ್ಸರ್ ಕೋಶವನ್ನು ಗುರುತಿಸುವ ಕೊಕ್ಕೆ ಮೂಡುತ್ತದೆ. ಪ್ರಯೋಗಾಲಯದಲ್ಲಿ ಅವುಗಳ ಸಂಖ್ಯೆ ಹೆಚ್ಚಿಸಿ, ಪರೀಕ್ಷಿಸಿ, ಅದೇ ರೋಗಿಯ ರಕ್ತನಾಳಕ್ಕೆ ಮರಳಿಸುತ್ತಾರೆ. ತಯಾರಕರ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ರೋಗಿಯೂ ಒಂದು ಪ್ರತ್ಯೇಕ ಬ್ಯಾಚ್. ದಾಸ್ತಾನು ಇಡಲಾಗದು, ಒಬ್ಬರ ಮಾಲನ್ನು ಇನ್ನೊಬ್ಬರಿಗೆ ಕೊಡಲಾಗದು, ಬ್ಯಾಚ್ ವಿಫಲವಾದರೆ ಮತ್ತೊಮ್ಮೆ ಆರಂಭಿಸುವಷ್ಟು ಸಮಯ ರೋಗಿಗೆ ಇಲ್ಲದಿರಬಹುದು. ಇತರ ಚಿಕಿತ್ಸೆಗಳಿಗೆ ಬಗ್ಗದ ಅಥವಾ ಮರುಕಳಿಸಿದ ಬಿ-ಕೋಶದ ಲ್ಯುಕೇಮಿಯ ಮತ್ತು ಲಿಂಫೋಮಗಳಿಗೆ ಸದ್ಯ ಇದರ ಬಳಕೆ. ಚಿಕಿತ್ಸೆಯ ನಂತರ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಮೊದಲಾದ ಅಪಾಯಗಳು ಬರಬಹುದಾದ್ದರಿಂದ ತೀವ್ರ ನಿಗಾ ಘಟಕವುಳ್ಳ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಇದು ಸಾಧ್ಯ.

2017ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ದೊರೆತಾಗ ಕಂಪನಿ ನಿಗದಿಪಡಿಸಿದ ಬೆಲೆ 4,75,000 ಡಾಲರ್. ಆಸ್ಪತ್ರೆಯ ಖರ್ಚು ಬೇರೆ. ಭಾರತದಲ್ಲಿ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಂಶೋಧನೆಯಿಂದ ಮೂಡಿದ ಇಮ್ಯುನೊಆಕ್ಟ್ ಸಂಸ್ಥೆಯ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. 2025ರಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೌಲ್ಯಮಾಪನ ಮಾಡಲಾದ 51 ರೋಗಿಗಳಲ್ಲಿ ಶೇ. 73ರಷ್ಟು ಮಂದಿಗೆ ಚಿಕಿತ್ಸೆ ಸ್ಪಂದಿಸಿತು. ಉಳಿದವರ ಸಂಖ್ಯೆಯನ್ನೂ ಓದುಗರು ಮರೆಯಬಾರದು.

ಬೆಂಗಳೂರಿನಲ್ಲಿ ಇದೇ ಕಾರ್ಯವನ್ನು ಕೈಗೊಂಡದ್ದು 2019ರಲ್ಲಿ ಸ್ಥಾಪಿತವಾದ ಇಮ್ಯುನೀಲ್ ಥೆರಪ್ಯೂಟಿಕ್ಸ್. ಕಿರಣ್ ಮಜುಂದಾರ್ ಷಾ, ಅಮೆರಿಕದ ಕ್ಯಾನ್ಸರ್ ತಜ್ಞ ಸಿದ್ಧಾರ್ಥ ಮುಖರ್ಜಿ ಹಾಗೂ ಕುಶ್ ಪರ್ಮಾರ್ ಇದರ ಸ್ಥಾಪಕರು. ಸ್ಪೇನಿನ ಬಾರ್ಸಿಲೋನದ ಸಾರ್ವಜನಿಕ ಆಸ್ಪತ್ರೆಯೊಂದು ಅಭಿವೃದ್ಧಿಪಡಿಸಿದ ತಂತ್ರಜ್ಞಾನವನ್ನು ಪಡೆದು, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ತಯಾರಿಕಾ ಘಟಕವನ್ನು ಸ್ಥಾಪಿಸಿ, 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಲ್ಲಿ ವಯಸ್ಕರ ಬಿ-ಕೋಶದ ಲಿಂಫೋಮಕ್ಕೆ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ವಿದೇಶದಲ್ಲಿ ಮೂರು ನಾಲ್ಕು ಕೋಟಿಯಾಗುವ ಚಿಕಿತ್ಸೆ ಈ ಎರಡೂ ಸಂಸ್ಥೆಗಳಿಂದ ಸುಮಾರು ಅರ್ಧ ಕೋಟಿಯೊಳಗೆ ದೊರೆಯುವಂತಾಗಿದೆ. ವೈರಸ್ ವಾಹಕವನ್ನು ಆಮದು ಮಾಡದೆ ಇಲ್ಲೇ ತಯಾರಿಸಿದ್ದು, ರೋಗಿಯ ಕೋಶವನ್ನು ಶೀತಲೀಕರಿಸಿ ಖಂಡಾಂತರ ವಿಮಾನದಲ್ಲಿ ಕಳುಹಿಸುವ ಖರ್ಚು ತಪ್ಪಿದ್ದು, ತಂತ್ರಜ್ಞರ ವೇತನದ ಅಂತರ, ಇವು ಉಳಿತಾಯದ ಮುಖ್ಯ ಬಾಬುಗಳು. ಇವುಗಳಲ್ಲಿ ಯಾವುದೂ ಪವಾಡವಲ್ಲ. ಎಲ್ಲವೂ ವೆಚ್ಚ ಪಟ್ಟಿಯ ಸಾಲುಗಳೇ.

ಕೋಲಾರದ ಕಷ್ಟಕರ ಕ್ಯಾನ್ಸರ್

ನಮ್ಮ ಜಿಲ್ಲೆಯ ಮಟ್ಟಿಗೆ ಕಷ್ಟಕರವಾದ ಕ್ಯಾನ್ಸರ್ ವಿರಳವಾದುದಲ್ಲ. ಎಲೆ ಅಡಿಕೆಯೊಡನೆ ಕಡ್ಡಿಪುಡಿಯನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಅಭ್ಯಾಸದಿಂದ ಬರುವ ಕೆನ್ನೆಯ ಒಳಪದರದ ಕ್ಯಾನ್ಸರ್ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಗಳಲ್ಲಿ ಪರಿಚಿತ. ಹೆಂಗಸರಲ್ಲೂ ಇದು ಹೆಚ್ಚಾಗಿರುವುದನ್ನು ಟಮಕದ ವೈದ್ಯಕೀಯ ಕಾಲೇಜಿನ ತಜ್ಞರು ತಮ್ಮ ಅಧ್ಯಯನಗಳಲ್ಲಿ ಗುರುತಿಸಿದ್ದಾರೆ. ಆರಂಭದಲ್ಲಿ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ಕಾಯಿಲೆ, ತಡವಾಗಿ ಬಂದು ಮರುಕಳಿಸಿದರೆ ವೈದ್ಯರ ಕೈಯಲ್ಲಿ ಉಳಿಯುವ ಆಯುಧಗಳು ಕಡಿಮೆ. ಇಂಥವರಿಗೆ ನಿವೊಲುಮ್ಯಾಬ್ ಮೊದಲಾದ ರೋಗನಿರೋಧಕ ಪ್ರತಿಕಾಯಗಳು ಜಗತ್ತಿನ ಹಲವೆಡೆ ಬಳಕೆಗೆ ಬಂದವು. ಆದರೆ ಪೂರ್ಣ ಪ್ರಮಾಣದಲ್ಲಿ ಅವುಗಳ ವೆಚ್ಚವನ್ನು ಭರಿಸಬಲ್ಲವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು.

ಇಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕೇಳಿದ ಪ್ರಶ್ನೆ ವ್ಯಾಪಾರಿಗೆ ಸಂತೋಷ ಕೊಡುವಂಥದು: ಇಷ್ಟು ಪ್ರಮಾಣ ನಿಜವಾಗಿ ಬೇಕೇ? ಸಾಮಾನ್ಯ ಪ್ರಮಾಣ ಒಮ್ಮೆಗೆ 240 ಮಿಲಿಗ್ರಾಂ. ಅವರು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನೀಡಿ, ಜೊತೆಗೆ ಬಾಯಿಯ ಮೂಲಕ ಸೇವಿಸುವ ಮೂರು ಅಗ್ಗದ ಔಷಧಗಳನ್ನು ಕೊಟ್ಟು, 151 ರೋಗಿಗಳಲ್ಲಿ ಹೋಲಿಕೆ ನಡೆಸಿದರು. ಮೂರು ಔಷಧ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇ. 16.3, ಕಿರುಪ್ರಮಾಣದ ನಿವೊಲುಮ್ಯಾಬ್ ಸೇರಿಸಿ ಪಡೆದವರಲ್ಲಿ ಶೇ. 43.4. ಈ ಫಲಿತಾಂಶ 2022ರಲ್ಲಿ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೂರ್ಣ ಗುಣವಾಯಿತೆಂದು ಯಾರೂ ಹೇಳಿಲ್ಲ. ಸರಾಸರಿ ಆಯುಷ್ಯ ಸುಮಾರು ಆರೂವರೆ ತಿಂಗಳಿಂದ ಹತ್ತು ತಿಂಗಳಿಗೆ ಏರಿತು. ಇದರಲ್ಲಿ ಇನ್ನೊಂದು ಪ್ಯಾಕಿಂಗ್ ವಿಚಾರವಿದೆ. ಈ ಔಷಧದ ಸಣ್ಣ ಸೀಸೆಯಲ್ಲಿ 40 ಮಿಲಿಗ್ರಾಂ ಇರುತ್ತದೆ. ಆದ್ದರಿಂದ ಇಬ್ಬರು ರೋಗಿಗಳಿಗೆ ಒಂದೇ ದಿನ ನಿಗದಿಪಡಿಸಿದರೆ ಸೀಸೆಯೊಂದು ವ್ಯರ್ಥವಾಗದೆ ಇಬ್ಬರಿಗೆ ಸಾಲುತ್ತದೆ. ಒಬ್ಬನೇ ಬಂದರೆ ಅರ್ಧ ಚರಂಡಿಗೆ. ರೋಗಿಯ ಕಡೆಯವರು ವೈದ್ಯರನ್ನು ಕಿರುಪ್ರಮಾಣದ ಬಗ್ಗೆ ಸಂಕೋಚವಿಲ್ಲದೆ ಕೇಳಬಹುದು. ಅದು ತಕ್ಕದ್ದೋ ಅಲ್ಲವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತೆರಿಗೆ ಮತ್ತು ಲಾಭಾಂಶ

ಔಷಧದ ಮುದ್ರಿತ ಬೆಲೆಯಲ್ಲಿ ತಯಾರಕನ ಪಾಲು ಎಷ್ಟು, ಮಧ್ಯದವರ ಪಾಲು ಎಷ್ಟು ಎಂಬ ಗುಟ್ಟು 2019ರ ಫೆಬ್ರವರಿ 27ರಂದು ಸಾರ್ವಜನಿಕವಾಯಿತು. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ದರ ನಿಯಂತ್ರಣದ ಹೊರಗಿದ್ದ 42 ಕ್ಯಾನ್ಸರ್ ಔಷಧಗಳ ಮೇಲೆ ಮಾರಾಟ ಲಾಭಾಂಶ ಶೇ. 30 ಮೀರಬಾರದೆಂದು ಆದೇಶಿಸಿತು. ಪರಿಣಾಮವಾಗಿ 526 ಬ್ರ್ಯಾಂಡುಗಳ ಬೆಲೆ ಇಳಿಯಿತು, ಕೆಲವು ಶೇ. 90ರವರೆಗೆ. ಶ್ವಾಸಕೋಶ ಕ್ಯಾನ್ಸರಿಗೆ ಬಳಸುವ ಪೆಮೆಟ್ರೆಕ್ಸೆಡ್ ಚುಚ್ಚುಮದ್ದಿನ ಒಂದು ಬ್ರ್ಯಾಂಡು ರೂ. 22,000ದಿಂದ ರೂ. 2,800ಕ್ಕೆ ಬಂತು. ತಯಾರಕ ನಷ್ಟಕ್ಕೆ ಮಾರಲಿಲ್ಲ ಎಂದ ಮೇಲೆ, ಆ ರೂ. 19,200 ಎಲ್ಲಿ ಹೋಗುತ್ತಿತ್ತೆಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಶೇ. 3 ಲಾಭಾಂಶಕ್ಕೆ ಮೂಟೆ ಹೊರುವ ಕಿರಾಣಿ ವರ್ತಕನಿಗೆ ಇದು ಕೊಂಚ ಕಹಿಯಾಗಿಯೇ ಕೇಳಿಸೀತು.

ತೆರಿಗೆಯ ಕಡೆ ಇಳಿಕೆ ಹಂತ ಹಂತವಾಗಿ ಬಂತು. 2024ರ ಜುಲೈ 23ರ ಕೇಂದ್ರ ಮುಂಗಡಪತ್ರದಲ್ಲಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್, ಒಸಿಮರ್ಟಿನಿಬ್ ಮತ್ತು ಡರ್ವಾಲುಮ್ಯಾಬ್ ಔಷಧಗಳಿಗೆ ಆಮದು ಸುಂಕ ರದ್ದಾಯಿತು. ಅದೇ ವರ್ಷ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. 2025ರ ಫೆಬ್ರವರಿಯ ಮುಂಗಡಪತ್ರದಲ್ಲಿ ಇನ್ನೂ 36 ಜೀವರಕ್ಷಕ ಔಷಧಗಳಿಗೆ ಮೂಲ ಸೀಮಾಸುಂಕ ಹೋಯಿತು. 2025ರ ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿ ಸಭೆ 33 ಔಷಧಗಳ ಮೇಲಿನ ಶೇ. 12ರ ತೆರಿಗೆಯನ್ನು ಶೂನ್ಯಕ್ಕಿಳಿಸಿತು. ಇಮ್ಯಾಟಿನಿಬ್‌ಗೆ ಬಗ್ಗದ ಲ್ಯುಕೇಮಿಯಕ್ಕೆ ನೀಡುವ ಅಸಿಮಿನಿಬ್, ಮೈಲೋಮಕ್ಕೆ ನೀಡುವ ಡರಾಟುಮುಮ್ಯಾಬ್ ಈ ಪಟ್ಟಿಯಲ್ಲಿವೆ. ಉಳಿದ ಔಷಧಗಳು ಶೇ. 5ಕ್ಕೆ ಬಂದವು. ಸೆಪ್ಟೆಂಬರ್ 22ರಿಂದ ಇದು ಜಾರಿಗೆ ಬಂದಿದೆ.

ಆದರೆ ಒಂದು ಎಚ್ಚರಿಕೆ. ತೆರಿಗೆ ಶೂನ್ಯವೆಂದರೆ ವಿನಾಯಿತಿ. ವಿನಾಯಿತಿ ಸರಕಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಇಲ್ಲಿ ತಯಾರಾಗುವ ಔಷಧದಲ್ಲಿ ಕಚ್ಚಾವಸ್ತು ಮತ್ತು ಸೇವೆಗಳ ಮೇಲೆ ಕಟ್ಟಿದ ತೆರಿಗೆ ವೆಚ್ಚದೊಳಗೆ ಸೇರಿಬಿಡುತ್ತದೆ. ಶೇ. 12 ಹೋಯಿತೆಂದ ಮಾತ್ರಕ್ಕೆ ಅಷ್ಟೂ ರೋಗಿಯ ಜೇಬಿಗೆ ಬಂತೆಂದಲ್ಲ. ಔಷಧ ಅಂಗಡಿಗಳನ್ನು ನಡೆಸುವ ಸದಸ್ಯರು ತೆರಿಗೆಸಹಿತ ಮತ್ತು ತೆರಿಗೆರಹಿತ ಮಾರಾಟಗಳೆರಡೂ ಇರುವಾಗ ಜಮೆಯ ಪಾಲನ್ನು ಹಿಂತಿರುಗಿಸಬೇಕಾಗುವುದನ್ನು ಮರೆಯಬಾರದು.

ರಾಯಲ್ಪಾಡಿನ ವರ್ತಕ ಎಲ್ಲಿ ನಿಲ್ಲುತ್ತಾನೆ?

ಇಷ್ಟೆಲ್ಲ ಇಳಿಕೆಯ ನಂತರವೂ ಅರ್ಧ ಕೋಟಿ ಅರ್ಧ ಕೋಟಿಯೇ. ಶ್ರೀನಿವಾಸಪುರ ತಾಲ್ಲೂಕಿನ ಗಡಿ ಹೋಬಳಿ ರಾಯಲ್ಪಾಡಿನಲ್ಲಿ ಒಬ್ಬ ಮಾವಿನ ವರ್ತಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹೂವು ಬಿಡುವ ಕಾಲಕ್ಕೆ ತೋಪುಗಳನ್ನು ಗುತ್ತಿಗೆ ಹಿಡಿದು ಮುಂಗಡ ಕೊಟ್ಟಿರುತ್ತಾನೆ. ಜನವರಿಯಿಂದ ಜೂನ್‌ವರೆಗೆ ಅವನ ದುಡಿಯುವ ಬಂಡವಾಳ ಮರದ ಮೇಲಿರುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಯ ಪ್ರವೇಶವನ್ನು ತಡೆದಾಗ ಕಂಡಂತೆ, ಸುಗ್ಗಿಯಲ್ಲೂ ಆ ಬಂಡವಾಳ ಮರಳುವ ಖಾತರಿಯಿಲ್ಲ. ಇಂಥ ಮನೆಯಲ್ಲಿ ಫೆಬ್ರವರಿಯಲ್ಲಿ ಮಗನಿಗೆ ಲಿಂಫೋಮ ಮರುಕಳಿಸಿದೆಯೆಂದು ತಿಳಿದುಬಂದರೆ, ಬೆಂಗಳೂರು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹತ್ತಿರದ ಬಂಧುಗಳು ವೆಲ್ಲೂರಿಗೋ ತಿರುಪತಿಗೋ ಹೋಗೋಣವೆನ್ನುತ್ತಾರೆ. ಮೂರು ದಿಕ್ಕಿನ ದಾರಿಯ ಮುಂದೆ ನಿಂತವನಿಗೆ ಮೊದಲು ಕಾಣುವುದು ಹಣದ ದಾರಿ.

ಆ ದಾರಿಯಲ್ಲಿ ಅವನ ಸ್ಥಾನ ವಿಚಿತ್ರವಾದುದು. ಅವನ ಕೈಕೆಳಗಿನ ಹಮಾಲಿಗೆ ಬಿಪಿಎಲ್ ಚೀಟಿ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ವರ್ಗದ ವರ್ತಕನಿಗೆ ಯೋಜನೆಯ ದರದ ಶೇ. 30 ಮಾತ್ರ, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ. ಹಣ್ಣಿನ ತಿರುಳು ಕಾರ್ಖಾನೆಯಲ್ಲಿ ತಿಂಗಳಿಗೆ ರೂ. 21,000ದವರೆಗೆ ವೇತನ ಪಡೆಯುವ ಕಾರ್ಮಿಕನಿಗೆ ಇಎಸ್‌ಐ ಇದೆ. ನಿಗದಿತ ಅವಧಿಯ ವಂತಿಗೆ ಪೂರೈಸಿದ್ದರೆ ಕ್ಯಾನ್ಸರ್ ಚಿಕಿತ್ಸೆಯೂ, ಕೆಲಸಕ್ಕೆ ಬಾರದ ಅವಧಿಗೆ ಎರಡು ವರ್ಷದವರೆಗೆ ವೇತನದ ಶೇ. 80ರಷ್ಟು ವಿಸ್ತರಿತ ಕಾಯಿಲೆ ಭತ್ಯೆಯೂ ಉಂಟು. ವೇತನದ ಶೇ. 3.25ರಷ್ಟು ವಂತಿಗೆಯನ್ನು ತಿಂಗಳು ತಿಂಗಳು ಕಟ್ಟುವ ಮಾಲೀಕನಿಗೆ ಮಾತ್ರ ಅದರಲ್ಲಿ ಏನೂ ಇಲ್ಲ. ದೊಡ್ಡ ಕಂಪನಿಯ ನೌಕರನಿಗೆ ಗುಂಪು ವಿಮೆ. ಸರ್ಕಾರಿ ನೌಕರನಿಗೆ ಇಲಾಖೆ. ಜಿಲ್ಲೆಯ ವಾಣಿಜ್ಯೋದ್ಯಮಿ ಈ ಎಲ್ಲ ವ್ಯವಸ್ಥೆಗಳ ನಡುವಿನ ಸಂದಿಯಲ್ಲಿದ್ದಾನೆ. ಅವನ ವಿಮೆ ಎಂದರೆ ಅವನ ತೋಪು, ಮಂಡಿಯ ಮಳಿಗೆ, ಹೆಂಡತಿಯ ಒಡವೆ.

ಖಾಸಗಿ ಆರೋಗ್ಯ ವಿಮೆ ಉಂಟಲ್ಲ ಎನ್ನಬಹುದು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ವಿಮೆಯಿಂದ ಹೊರಗಿಡುವಂತಿಲ್ಲವೆಂದು ಹೇಳಿತು. ಬಾಯಿಯ ಮೂಲಕ ತೆಗೆದುಕೊಳ್ಳುವ ಕ್ಯಾನ್ಸರ್ ಔಷಧ, ಪ್ರತಿಕಾಯಗಳ ಚುಚ್ಚುಮದ್ದು, ಮೂಳೆಮಜ್ಜೆ ಕಸಿಯ ಕಾಂಡಕೋಶ ಚಿಕಿತ್ಸೆ ಅದರಲ್ಲಿವೆ. ಕಾರ್-ಟಿ ಚಿಕಿತ್ಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದಕ್ಕೂ ಕಂಪನಿ ಒಳಮಿತಿ ಹಾಕಬಹುದು. ರೂ. 10 ಲಕ್ಷದ ಪಾಲಿಸಿಯಲ್ಲಿ ಪ್ರತಿಕಾಯ ಚಿಕಿತ್ಸೆಗೆ ಎಷ್ಟು ಎಂಬ ಸಾಲನ್ನು ಪಾಲಿಸಿ ಕೊಳ್ಳುವ ಮುನ್ನವೇ ಓದಬೇಕು. 2024ರ ನಿಯಮಗಳಿಂದ ಹಿಂದಿನ ಕಾಯಿಲೆಯ ಕಾಯುವಿಕೆ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಸತತ 5 ವರ್ಷ ಕಂತು ಕಟ್ಟಿದ ಬಳಿಕ ವಂಚನೆಯ ಹೊರತು ಕ್ಲೇಮನ್ನು ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಅರುವತ್ತೈದು ದಾಟಿದವರಿಗೂ ಹೊಸ ಪಾಲಿಸಿ ಕೊಡಲು ಅಡ್ಡಿಯಿಲ್ಲ. ವೈಯಕ್ತಿಕ ಹಾಗೂ ಕುಟುಂಬ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಗುಂಪು ಪಾಲಿಸಿಗೆ ಅದು ಮುಂದುವರಿದಿರುವುದರಿಂದ, ಸಂಘದ ಮೂಲಕ ಗುಂಪು ವಿಮೆ ಯೋಚಿಸುವವರು ಎರಡನ್ನೂ ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಬೇಕು. ಗುಂಪಿನಲ್ಲಿ ಕಂತು ಅಗ್ಗವಾಗಬಹುದು, ಹಿಂದಿನ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಕೇಳಬಹುದು. ಆದರೆ ಸಂಘ ನವೀಕರಿಸದಿದ್ದರೆ ಎಲ್ಲರ ರಕ್ಷಣೆಯೂ ಒಮ್ಮೆಗೇ ಹೋದೀತು.

ಹಣ ಹೊಂದಿಸುವಾಗ ಕಾನೂನು

ಕಾಯಿಲೆಯ ಗಾಬರಿಯಲ್ಲಿ ನಗದು ವ್ಯವಹಾರ ಮಾಡಿ ನಂತರ ನೋಟೀಸು ಪಡೆಯುವುದು ಆಗಾಗ ಕಂಡುಬರುವ ಸಂಗತಿ. ಆದಾಯ ತೆರಿಗೆಯ 1961ರ ಕಾಯ್ದೆಯ ವಿಧಿ ಸಂಖ್ಯೆಗಳನ್ನೇ ಇಲ್ಲಿ ಕೊಡಲಾಗಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ವಿಧಿ 269ಎಸ್‌ಟಿ ಪ್ರಕಾರ ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರ ಇಲ್ಲವೇ ಸಂದರ್ಭಕ್ಕೆ ಸಂಬಂಧಿಸಿ, ರೂ. 2 ಲಕ್ಷ ಅಥವಾ ಹೆಚ್ಚು ನಗದು ಸ್ವೀಕರಿಸುವಂತಿಲ್ಲ. ಒಂದೇ ದಾಖಲಾತಿಯ ಬಿಲ್ಲನ್ನು ಐದು ದಿನ ಹಂಚಿ ಕಟ್ಟಿದರೂ ಅದು ಒಂದೇ ಸಂದರ್ಭವೇ. ದಂಡ ಪಡೆದವರ ಮೇಲೆ, ಪಡೆದಷ್ಟೇ ಮೊತ್ತ. ಆದ್ದರಿಂದ ಆಸ್ಪತ್ರೆ ನಗದು ಬೇಡವೆಂದರೆ ಅದು ಉದ್ಧಟತನವಲ್ಲ. 2021ರ ಕೋವಿಡ್ ಅಲೆಯಲ್ಲಿ ಇದಕ್ಕೆ ಕೆಲ ವಾರಗಳ ವಿನಾಯಿತಿ ಇತ್ತು, ಕ್ಯಾನ್ಸರಿಗೆ ಎಂದೂ ಇರಲಿಲ್ಲ. ವಿಧಿ 269ಎಸ್‌ಎಸ್ ಪ್ರಕಾರ ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಷಡ್ಡಕನಿಂದಾದರೂ ಸರಿ, ಮಂಡಿಯ ಪಕ್ಕದ ಮಳಿಗೆಯವರಿಂದಾದರೂ ಸರಿ. ಎರಡೂ ಕಡೆಯವರಿಗೆ ಕೃಷಿ ಆದಾಯ ಮಾತ್ರವಿದ್ದು ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೆ ಮಾತ್ರ ರಿಯಾಯಿತಿ. ಸಮಂಜಸ ಕಾರಣ ತೋರಿಸಿದರೆ ದಂಡ ತಪ್ಪಿಸಿಕೊಳ್ಳಲು ವಿಧಿ 273ಬಿ ಇದೆ ನಿಜ. ಆದರೆ ಮೊಬೈಲಿನಲ್ಲಿ ಹಣ ರವಾನಿಸಬಹುದಾದ ಈ ಕಾಲದಲ್ಲಿ ಕಾರಣ ತೋರಿಸುವುದು ಸುಲಭವಲ್ಲ. ತೋಪನ್ನೇ ಮಾರುವುದಾದರೆ, ಪಟ್ಟಣದ ಮಿತಿಗಳಿಂದ ದೂರದ ಗ್ರಾಮೀಣ ಕೃಷಿ ಜಮೀನಿಗೆ ಬಂಡವಾಳ ಲಾಭ ತೆರಿಗೆ ಇಲ್ಲ. ಅದರ ಮುಂಗಡವನ್ನು ಮಾತ್ರ ನಗದಾಗಿ ಪಡೆಯುವಂತಿಲ್ಲ.

ಕಡಿತಗಳ ಬಗ್ಗೆ ಹೆಚ್ಚಿನ ಭರವಸೆ ಬೇಡ. ಕ್ಯಾನ್ಸರ್ ಚಿಕಿತ್ಸೆಗೆ ವಿಧಿ 80ಡಿಡಿಬಿ ಅಡಿ ರೂ. 40,000, ರೋಗಿ ಹಿರಿಯ ನಾಗರಿಕರಾದರೆ ರೂ. 1 ಲಕ್ಷ, ತಜ್ಞ ವೈದ್ಯರ ಚೀಟಿ ಅಗತ್ಯ, ವಿಮೆಯಿಂದ ಬಂದುದನ್ನು ಕಳೆಯಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದೂ ಇಲ್ಲ, ವಿಮಾ ಕಂತಿನ 80ಡಿ ಕಡಿತವೂ ಇಲ್ಲ. ನೌಕರರ ಆರೋಗ್ಯ ವಿಮೆಗೆ ಮಾಲೀಕ ಚೆಕ್ಕಿನ ಮೂಲಕ ಕಟ್ಟಿದ ಕಂತು ವ್ಯಾಪಾರದ ಖರ್ಚಾಗುತ್ತದೆ. ಏಕಮಾಲೀಕತ್ವದ ಸಂಸ್ಥೆಯಲ್ಲಿ ಮಾಲೀಕನ ಸ್ವಂತ ಚಿಕಿತ್ಸೆ ಆಗುವುದಿಲ್ಲ. ಅದನ್ನು ಸಂಸ್ಥೆಯ ಲೆಕ್ಕದಲ್ಲಿ ಬರೆಯಿಸುವ ಹಟ ಒಳ್ಳೆಯದಲ್ಲ.

ಎಲ್ಲಕ್ಕಿಂತ ಕಡಿಮೆ ತಿಳಿದಿರುವುದು ಚಂದಾ ಎತ್ತುವ ವಿಚಾರ. ಬಜಾರಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಸಹವರ್ತಕರು ಕೂಡಿ ಹಣ ಸೇರಿಸಿ ಕೊಡುವುದು ಕೋಲಾರ ಜಿಲ್ಲೆಯ ಒಳ್ಳೆಯ ಪದ್ಧತಿ. ಆದರೆ ಬಂಧುಗಳಲ್ಲದವರಿಂದ ವರ್ಷದಲ್ಲಿ ಒಟ್ಟು ರೂ. 50,000 ಮೀರಿ ಬಂದ ಹಣ ವಿಧಿ 56(2)(x) ಪ್ರಕಾರ ಪಡೆದವನ ಆದಾಯವೆನಿಸುತ್ತದೆ. ರೂ. 6 ಲಕ್ಷ ಚಂದಾ ಬಂದರೆ ಇಡೀ ರೂ. 6 ಲಕ್ಷವೂ ಆದಾಯಕ್ಕೆ ಸೇರುತ್ತದೆ. ಕೋವಿಡ್ ಚಿಕಿತ್ಸೆಗೆ ಬಂದ ನೆರವಿಗೆ 2022ರ ಹಣಕಾಸು ಕಾಯ್ದೆ ವಿನಾಯಿತಿ ನೀಡಿತು, ಕ್ಯಾನ್ಸರಿಗೆ ನೀಡಲಿಲ್ಲ. ಅದೇ ಹಣ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿತವಾದ ಧರ್ಮಾರ್ಥ ಟ್ರಸ್ಟಿನ ಮೂಲಕ ಬಂದರೆ, ರೋಗಿ ಟ್ರಸ್ಟಿನ ಸ್ಥಾಪಕರ ಅಥವಾ ಟ್ರಸ್ಟಿಗಳ ಬಂಧುವಲ್ಲದಿದ್ದಲ್ಲಿ, ತೆರಿಗೆ ಇಲ್ಲ. ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೆ ಹಳೆಯ ಪದ್ಧತಿಯಲ್ಲಿರುವ ದಾನಿಗಳಿಗೂ ಕಡಿತ ದೊರೆಯುತ್ತದೆ. ವರ್ತಕರ ಸಂಘಗಳು ಇಂಥ ಟ್ರಸ್ಟೊಂದನ್ನು ಕಾಯಿಲೆ ಬಂದ ಮೇಲೆ ನೋಂದಾಯಿಸಲು ಹೊರಟರೆ ತಿಂಗಳುಗಳೇ ಹಿಡಿಯುತ್ತವೆ. ಟಿ-ಕೋಶಗಳು ಅಷ್ಟು ದಿನ ಕಾಯುವುದಿಲ್ಲ.

ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಕಿದ್ವಾಯಿ ಸಂಸ್ಥೆಯ ಮಾರ್ಗದರ್ಶನದೊಡನೆ 16 ಜಿಲ್ಲಾ ಆಸ್ಪತ್ರೆಗಳಲ್ಲಿ ದಿನಮಾತ್ರದ ಕೀಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಬೆಂಗಳೂರಿಗೆ ಹೋಗಿ ಬರುವ ಬಸ್ಸು, ಛತ್ರ, ಜೊತೆಗೆ ಹೋದವನ ಕೂಲಿ ನಷ್ಟ ಇದರಿಂದ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಔಷಧಕ್ಕಿಂತ ಆ ಬಾಬೇ ಮಿಗಿಲು. ವಿರಳ ಕ್ಯಾನ್ಸರಿನ ಮೊದಲ ನಿರ್ಣಯ ಮತ್ತು ಹೊಸ ಚಿಕಿತ್ಸೆಯ ಆರಂಭ ಮಾತ್ರ ದೊಡ್ಡ ಕೇಂದ್ರದಲ್ಲೇ ಆಗಬೇಕು. ಒಮ್ಮೆ ತೆಗೆದ ಅಂಗಾಂಶದ ಮೇಣದ ಬಿಲ್ಲೆಯನ್ನೂ ವರದಿಯ ಮೂಲ ಪ್ರತಿಯನ್ನೂ ಮನೆಯವರು ಆಸ್ಪತ್ರೆಯಿಂದ ಕೇಳಿ ಪಡೆದು ಇಟ್ಟುಕೊಂಡರೆ, ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ಯಾತನೆ ಮತ್ತು ಖರ್ಚು ಬಹುಮಟ್ಟಿಗೆ ತಪ್ಪುತ್ತದೆ.

ವಿಮೆ ಮಾಡಿಸಲು ನಿರ್ಧರಿಸಿದ ಮಾವಿನ ವರ್ತಕರು ಪಾಲಿಸಿಯ ಆರಂಭದ ದಿನಾಂಕವನ್ನು ಆಗಸ್ಟಿನಲ್ಲಿ ಬರುವಂತೆ ಇಟ್ಟುಕೊಳ್ಳಬಹುದು. ಆ ವೇಳೆಗೆ ಸುಗ್ಗಿ ಮುಗಿದು ತಿರುಳು ಕಾರ್ಖಾನೆಗಳಿಂದ ಬಾಕಿ ಬರತೊಡಗಿರುತ್ತದೆ. ಮಾರ್ಚಿನಲ್ಲಿ ನವೀಕರಣ ಬರುವ ಪಾಲಿಸಿಗಳು, ಕೈಯಲ್ಲಿ ಹಣವಿಲ್ಲದ ಕಾರಣ, ಎರಡನೆಯ ಮೂರನೆಯ ವರ್ಷಕ್ಕೇ ತಪ್ಪಿಹೋಗುವ ಸಂಭವ ಹೆಚ್ಚು. ಒಮ್ಮೆ ತಪ್ಪಿತೆಂದರೆ ಮೂರು ವರ್ಷದ ಕಾಯುವಿಕೆ ಮೊದಲಿನಿಂದ ಆರಂಭ.